ಮಾರಿದವರು, ಕೊಂಡವರು, ನಡುವೆ ರೊಸಾಲಿನ್ ಮೇಡಂ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ, ಮೇಡಂ ಅವರ ಪತಿ ಮರ್ವಿನ್ ಅವರೇ, ಲೋಬೊ ಕುಟುಂಬದ ಹಿರಿಯರೇ, ವರ್ತಕರ ಸಂಘದ ಪದಾಧಿಕಾರಿಗಳೇ, ತೆರಿಗೆ ಸಲಹೆಗಾರ ಮಿತ್ರರೇ, ಅಂಗಡಿಯ ಶಟರ್ ಅರ್ಧ ಎಳೆದು ಬಂದಿರುವ ಗೆಳೆಯರೇ — ಇಂಥ ಶ್ರದ್ಧಾಂಜಲಿ ಸಭೆಯಲ್ಲಿ ಸ್ವಾಗತ ಎಂಬ ಮಾತು ಬಾಯಿಗೆ ಬರುವುದಿಲ್ಲ. ಬಂದಿದ್ದೀರಿ. ಅದು ದೊಡ್ಡದು.

ನನ್ನ ಹೆಸರು ಅಶ್ರಫ್. ಬಲ್ಮಠದ ಕಚೇರಿಯಲ್ಲಿ ರೊಸಾಲಿನ್ ಮೇಡಂ ಅವರ ಎದುರಿನ ಮೇಜು ನನ್ನದು. ನಿಮ್ಮ ಜಿಎಸ್‌ಟಿ ರಿಟರ್ನ್‌ಗಳನ್ನು, ನಿಮಗೆ ಬಂದ ನೋಟಿಸುಗಳನ್ನು ನಾವಿಬ್ಬರೂ ಸೇರಿ ನೋಡುತ್ತಿದ್ದೆವು. ಅವರ ಗುಣಗಳ ಬಗ್ಗೆ ನಾಲ್ಕು ಮಾತು ಆಡಿ ಎಂದು ಸಂಘದವರು ಹೇಳಿದರು. ಗುಣ ಎಂದ ಕೂಡಲೇ ನನಗೆ ಒಂದು ಸಂಗತಿ ನೆನಪಾಗುತ್ತದೆ. ಅದನ್ನೇ ಹೇಳುತ್ತೇನೆ. ಅದರಲ್ಲಿ ಬರುವ ಇಬ್ಬರು ಈ ಸಭೆಯಲ್ಲೇ ಇದ್ದಾರೆ. ಹೇಳಬಹುದಾ ಎಂದು ಇಬ್ಬರನ್ನೂ ಕೇಳಿದ್ದೇನೆ, ಒಪ್ಪಿದ್ದಾರೆ.

ಪಡೀಲಿನ ಚಿತ್ತರಂಜನ ಅವರನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಅಲ್ಯೂಮಿನಿಯಂ ಕಿಟಕಿ, ಬಾಗಿಲು ಮಾಡುವ ವರ್ಕ್‌ಶಾಪ್ ಅವರದು. ಕಳೆದ ವರ್ಷ ಅವರಿಗೆ ಇಲಾಖೆಯಿಂದ ನೋಟಿಸು ಬಂತು. ಮನೆಯವರಿಗೆ ತಿಳಿಯಲೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಮಾಲು ಕೊಳ್ಳುವಾಗ ಬಿಲ್ಲಿನಲ್ಲಿ ತೆರಿಗೆ ಕೊಡುತ್ತೇವೆ. ಮುಂದೆ ನಾವು ಕಟ್ಟುವ ತೆರಿಗೆಯಲ್ಲಿ ಅಷ್ಟನ್ನು ಕಳೆದು, ಉಳಿದದ್ದನ್ನು ಮಾತ್ರ ಕಟ್ಟುತ್ತೇವೆ. ಆದರೆ ಮಾರಿದವರು ಆ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟದೇ ಹೋದರೆ — ಕೊಂಡವರ ಕುತ್ತಿಗೆಗೆ ಬರುತ್ತದೆ. ಕೊಟ್ಟದ್ದನ್ನೇ ಇನ್ನೊಮ್ಮೆ ಕೊಡಬೇಕು, ಬಡ್ಡಿ ಸಮೇತ.

ಚಿತ್ತರಂಜನರು ಕಾವೂರಿನ ನೂರ್ ಮುಹಮ್ಮದ್ ಅವರಿಂದ ಮಾಲು ತರುತ್ತಿದ್ದರು. ಬಹಳ ಕಾಲದ ವ್ಯವಹಾರ. ಆ ನೂರ್ ಮುಹಮ್ಮದ್ ತಿಂಗಳುಗಟ್ಟಲೆ ತೆರಿಗೆ ಕಟ್ಟಿರಲಿಲ್ಲ. ಫೋನೂ ಸ್ವಿಚ್ ಆಫ್.

ಚಿತ್ತರಂಜನರು ಕಚೇರಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಹಾಕಿ ಮೋಸಗಾರ ಎಂದು ಬರೆಯುತ್ತೇನೆ ಎಂದರು. ಬರೆದೂ ಆಗಿತ್ತು, ಕಳಿಸುವುದು ಮಾತ್ರ ಬಾಕಿ. ಮೇಡಂ ಕೈ ಹೀಗೆ ಅಡ್ಡ ಹಿಡಿದರು. "ನಾನು ಒಮ್ಮೆ ಹೋಗಿ ನೋಡಿ ಬರ್ತೇನೆ ಮಾರಾಯ್ರೆ. ಮತ್ತೆ ಎಂತ ಬೇಕಾದ್ರೂ ಮಾಡಿ" ಎಂದರು.

ಸಲಹೆಗಾರರು ಎದುರು ಪಾರ್ಟಿಯ ಮನೆಗೆ ಹೋಗುವ ಪದ್ಧತಿ ಇಲ್ಲ. ಆದರೂ ಹೋದರು. ಅವರ ಮನೆಮಾತು ಬ್ಯಾರಿ, ಅದನ್ನು ಮಾತಾಡಲು ಒಬ್ಬರಿರಲಿ ಎಂದು ನನ್ನನ್ನೂ ಕರೆದುಕೊಂಡರು.

ಮನೆಗೆ ಹೋದರೆ — ನೂರ್ ಮುಹಮ್ಮದ್ ಮಂಚದಲ್ಲಿದ್ದರು. ಪಾರ್ಶ್ವವಾಯು. ಬಲಗೈ ಎತ್ತಲಾಗುವುದಿಲ್ಲ, ಮಾತು ನಿಂತಿದೆ. ಗೋಡೌನನ್ನು ಅವರ ಹೆಂಡತಿ, ಇಲ್ಲೇ ಕುಳಿತಿರುವ ಝೈನಬಕ್ಕ, ಹೇಗೋ ನಡೆಸುತ್ತಿದ್ದರು. ಮಾಲು ಹೋಗುತ್ತಿತ್ತು, ಬಿಲ್ಲೂ ಹೋಗುತ್ತಿತ್ತು. ಲೆಕ್ಕ ಬರೆಯುವವರು ಆ ಬಿಲ್ಲುಗಳನ್ನು ಇಲಾಖೆಯ ಪೋರ್ಟಲ್‌ಗೆ ಏರಿಸುತ್ತಿದ್ದರು, ಕಟ್ಟುವ ಹಣ ಮಾತ್ರ ಯಾರೂ ಕೊಡಲಿಲ್ಲ. ಕೊನೆಗೆ ಲೆಕ್ಕದವರೂ ಗಲ್ಫಿಗೆ ಹೋದರು. ಇಲಾಖೆಯ ಸಂದೇಶಗಳೆಲ್ಲ ಬರುತ್ತಿದ್ದದ್ದು ನೂರ್ ಮುಹಮ್ಮದರ ಫೋನಿಗೆ. ಆ ಫೋನು ಕಪಾಟಿನೊಳಗೆ ಸತ್ತು ಬಿದ್ದಿತ್ತು.

ಝೈನಬಕ್ಕ ಅಳಲಿಲ್ಲ. ನೇರವಾಗಿ ಹೇಳಿದರು. "ನಾವು ತಿಂದದ್ದಲ್ಲ ಮೇಡಂ. ಬಂದದ್ದೆಲ್ಲ ಆಸ್ಪತ್ರೆಗೆ ಹೋಯ್ತು."

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಹೇಳಿ ಎದ್ದು ಬರುತ್ತಿದ್ದರು, ಇಲ್ಲವೇ ಜಗಳ ಮಾಡುತ್ತಿದ್ದರು. ಮೇಡಂ ಎರಡನ್ನೂ ಮಾಡಲಿಲ್ಲ. ಝೈನಬಕ್ಕನ ಕೈ ಹಿಡಿದುಕೊಂಡೇ ಹೇಳಿದರು —

"ನನಗೆ ಅರ್ಥ ಆಗ್ತದೆ. ಆದ್ರೆ ಅದು ನಿಮ್ಮ ಹಣ ಅಲ್ಲ ಝೈನಬಕ್ಕ. ಅದನ್ನು ಇನ್ನೊಬ್ಬರು ಸರ್ಕಾರಕ್ಕೆ ಅಂತ ಕೊಟ್ಟದ್ದು. ಅವರಿಗೂ ಮನೆ ಉಂಟು."

ಮಂಚದಲ್ಲಿದ್ದವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವರಿಗೆ ಎಲ್ಲವೂ ಕೇಳುತ್ತಿತ್ತು, ಎಲ್ಲವೂ ತಿಳಿಯುತ್ತಿತ್ತು. ಬಾಯಿ ಮಾತ್ರ ಬರುತ್ತಿರಲಿಲ್ಲ.

ಝೈನಬಕ್ಕ ಸಾಮಾನು ಸಾಗಿಸುವ ಪಿಕಪ್ ಗಾಡಿಯನ್ನು ಮಾರಿದರು. ಆಮೇಲೆ ಸ್ವಲ್ಪ ಚಿನ್ನವೂ ಹೋಯಿತು. ನೂರ್ ಮುಹಮ್ಮದರ ಎಡಗೈಯ ಹೆಬ್ಬೆಟ್ಟು ಒತ್ತಿಸಿ ಝೈನಬಕ್ಕನ ಹೆಸರಿಗೆ ಅಧಿಕಾರ ಪತ್ರ ಮಾಡಿಸಿ, ಫೋನು ಚಾರ್ಜ್ ಮಾಡಿ, ಒಂದೊಂದೇ ತಿಂಗಳ ರಿಟರ್ನ್ ಸಲ್ಲಿಸಲು ಮೇಡಂ ಶುರು ಮಾಡಿದರು. ಹಿಂದಿನ ತಿಂಗಳದ್ದು ಆಗದೆ ಮುಂದಿನದು ಆಗುವುದಿಲ್ಲ — ವ್ಯಾಪಾರದವರಾದ ನಿಮಗೆ ಗೊತ್ತು. ಆ ಕೆಲಸಕ್ಕೆ ಅವರು ಫೀಸು ತೆಗೆದುಕೊಳ್ಳಲಿಲ್ಲ.

ಚಿತ್ತರಂಜನರಿಗೆ ಇದು ಸರಿ ಬರಲಿಲ್ಲ. ಅವರ ಸಿಟ್ಟೂ ಸುಳ್ಳಲ್ಲ. ನೋಟಿಸು ನೋಡಿ ಬ್ಯಾಂಕು ಕೊಡಬೇಕಿದ್ದ ಸಾಲ ನಿಲ್ಲಿಸಿತ್ತು. ವರ್ಕ್‌ಶಾಪಿನಿಂದ ಇಬ್ಬರು ಕೆಲಸಗಾರರನ್ನು ಬಿಡಿಸಬೇಕಾಗಿ ಬಂದಿತ್ತು. "ಅವರಿಗೆ ಅಸೌಖ್ಯ ಅಂತ ನಾನು ಎರಡು ಸಲ ಟ್ಯಾಕ್ಸ್ ಕಟ್ಬೇಕಾ? ನೀವು ನನ್ನ ಕಡೆಯಾ, ಅವರ ಕಡೆಯಾ?" ಎಂದು ಕೇಳಿದರು.

ಮೇಡಂ ಹೇಳಿದರು, "ಅವರ ರಿಟರ್ನ್ ಆಗದೆ ನಿಮ್ಮ ಕೇಸಿಗೆ ಬಲ ಬರುದಿಲ್ಲ. ನಾನು ನಿಮ್ಮ ಕೆಲಸವೇ ಮಾಡ್ತಾ ಇದ್ದೇನೆ."

ಅವರು ನಂಬಲಿಲ್ಲ. ಫೈಲು ತೆಗೆದುಕೊಂಡು ಹೊರಟುಹೋದರು. ಮೇಡಂ ಎದುರು ಪಾರ್ಟಿಯ ಕಡೆ ಸೇರಿದರಂತೆ ಎಂಬ ಮಾತು ಊರಲ್ಲಿ ಓಡಾಡಿತು. ಈ ಸಭೆಯಲ್ಲಿರುವ ಕೆಲವರ ಕಿವಿಗೂ ಬಿದ್ದಿರಬಹುದು. ಕೆಲವರು ಕಚೇರಿಗೆ ಬರುವುದನ್ನೇ ಬಿಟ್ಟರು. ಮೇಡಂ ಯಾರಿಗೂ ಫೋನು ಮಾಡಿ ವಿವರಣೆ ಕೊಡಲಿಲ್ಲ. ಅವರಿಗೆ ನೋವಾಗಲಿಲ್ಲ ಎಂದು ದಯವಿಟ್ಟು ತಿಳಿಯಬೇಡಿ — ಆಯಿತು. ಮಧ್ಯಾಹ್ನ ಬುತ್ತಿ ತೆರೆದು, ಹಾಗೇ ಮುಚ್ಚಿ ಇಟ್ಟ ದಿನಗಳನ್ನು ನಾನು ನೋಡಿದ್ದೇನೆ.

ಇತ್ತ ಇಲಾಖೆಯ ಆದೇಶ ಚಿತ್ತರಂಜನರ ವಿರುದ್ಧ ಬಂತು. ಅವರು ಮತ್ತೆ ನಮ್ಮ ಮೆಟ್ಟಿಲು ಹತ್ತಿದರು. ಫೈಲನ್ನು ಮೇಡಂ ಮೇಜಿನ ಮೇಲೆ ಇಟ್ಟರು. ಮೇಡಂ ಕೇಳಿದ್ದು ಒಂದೇ, ಊಟ ಆಯಿತಾ ಎಂದು. ಆಮೇಲೆ ಇಬ್ಬರೂ ಸೇರಿ ಮೇಲ್ಮನವಿ ಬರೆದರು.

ಈಗ ಹೇಳುವ ಮಾತು ಕಷ್ಟದ್ದು. ಮರ್ವಿನ್ ಅವರನ್ನು ಕೇಳಿಯೇ ಹೇಳುತ್ತಿದ್ದೇನೆ. ಮೇಡಂಗೆ ಎದೆ ಹಿಡಿದಂತಾಗುವುದು ಕೆಲವು ತಿಂಗಳಿನಿಂದ ಇತ್ತು. ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಚೀಟಿ ಬರೆದಿದ್ದರು. ಮರ್ವಿನ್ ಪ್ರತಿ ತಿಂಗಳು ಕೇಳುತ್ತಿದ್ದರು. ಪ್ರತಿ ತಿಂಗಳು ಒಂದೇ ಉತ್ತರ — ಈ ಇಪ್ಪತ್ತನೇ ತಾರೀಕು ಕಳೆಯಲಿ. ಇಪ್ಪತ್ತು ರಿಟರ್ನ್ ಸಲ್ಲಿಸುವ ಕೊನೆಯ ದಿನ. ಅದು ಕಳೆಯುತ್ತಿತ್ತು. ಮತ್ತೆ ಬರುತ್ತಿತ್ತು. ಹತ್ತೊಂಬತ್ತರ ಸಂಜೆ ನೀವೆಲ್ಲ ಬಿಲ್ಲುಗಳ ಫೋಟೊ ತೆಗೆದು ಒಟ್ಟಿಗೇ ಕಳಿಸುತ್ತೀರಲ್ಲ, ಆ ಹೊರೆಯನ್ನು ಅತ್ತ ಒಂದು ಜೀವ ಹೊರುತ್ತದೆ ಎಂದು ಯಾರು ಯೋಚಿಸುತ್ತಾರೆ? ಕಾನೂನು ಪಾಲಿಸಬೇಕು. ಪಾಲಿಸಲೇಬೇಕು. ಮೇಡಂ ಬದುಕಿಡೀ ಹೇಳಿದ್ದು ಅದನ್ನೇ. ಆದರೆ ಅದರ ಭಾರ ಯಾರ ಮೇಲೆ ಬೀಳುತ್ತದೆ — ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಒಂದು ಬೆಳಿಗ್ಗೆ, ಪ್ರಾರ್ಥನೆಗೆಂದು ಇಗರ್ಜಿಗೆ ಹೊರಟ ಮೇಡಂ ಮನೆಯ ಜಗಲಿಯಲ್ಲೇ ಕುಸಿದರು. ಆಸ್ಪತ್ರೆಗೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ಅವರ ಮಣ್ಣಾದ ಮೇಲೆ ಚಿತ್ತರಂಜನರು ಕಚೇರಿಗೆ ಬಂದರು. ತಮ್ಮ ಮೇಲ್ಮನವಿಯ ಬಗ್ಗೆ ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ನೂರ್ ಮುಹಮ್ಮದರ ರಿಟರ್ನ್ ಎಲ್ಲಿಗೆ ನಿಂತಿದೆ ಎಂದು ಕೇಳಿದರು. ಒಂದು ಮಾತ್ರ ಬಾಕಿ ಎಂದೆ. ಅದನ್ನು ಮುಗಿಸು ಎಂದರು. ಆಮೇಲೆ ಒಬ್ಬರೇ ಕಾವೂರಿಗೆ ಹೋಗಿ ಬಂದಿದ್ದಾರೆ. ಅಲ್ಲಿ ಏನಾಯಿತು ಎಂದು ವಿಚಾರಿಸಿದ್ದಕ್ಕೆ ನನಗೆ ಹೇಳಿದ್ದು ಇಷ್ಟು —

"ಸಿಟ್ಟು ಹೋಗ್ಲಿಲ್ಲ ಅಶ್ರಫ್. ಆದ್ರೆ ಅವರು ಎಡಗೈಯಲ್ಲಿ ನನ್ನ ಕೈ ಹಿಡಿದ್ರು, ಬಿಡ್ಲೇ ಇಲ್ಲ. ನಾನೂ ಎಳ್ಕೊಳ್ಳಲಿಲ್ಲ."

ಬಾಕಿ ಇದ್ದ ರಿಟರ್ನ್ ಮೊನ್ನೆ ಆಗಿದೆ. ತೆರಿಗೆ ಸರ್ಕಾರಕ್ಕೆ ಮುಟ್ಟಿದೆ. ಬರುವ ವಾರ ಚಿತ್ತರಂಜನರ ವಿಚಾರಣೆ. ಮೇಡಂ ನಿಲ್ಲಬೇಕಾದ ಜಾಗದಲ್ಲಿ ನಾನು ನಿಲ್ಲುತ್ತೇನೆ. ಗೆಲ್ಲುತ್ತೇವೆ ಎಂದು ಮಾತು ಕೊಡಲಾರೆ. ವರ್ಕ್‌ಶಾಪಿನಲ್ಲಿ ಕೆಲಸ ಕಳೆದುಕೊಂಡ ಆ ಇಬ್ಬರಿಗೆ ಬೇರೆ ಕಡೆ ಕೆಲಸ ಸಿಕ್ಕಿತೋ ಇಲ್ಲವೋ, ಅದೂ ತಿಳಿದಿಲ್ಲ. ಝೈನಬಕ್ಕ ಈಗ ಬಾಡಿಗೆ ಗಾಡಿಯಲ್ಲಿ ಮಾಲು ಕಳಿಸುತ್ತಿದ್ದಾರೆ.

ಇದಕ್ಕಿಂತ ಹೆಚ್ಚು ಮಾತಾಡಲು ನನ್ನಿಂದಾಗದು. ಫೋನುಗಳನ್ನು ದಯವಿಟ್ಟು ಸದ್ದಿಲ್ಲದಂತೆ ಮಾಡಿ. ಕಾಲುನೋವಿನ ಹಿರಿಯರು ಕೂತೇ ಇರಿ. ಉಳಿದವರೆಲ್ಲ ಏಳೋಣ. ಕೊಂಕಣಿಯೋ, ತುಳುವೋ, ಬ್ಯಾರಿಯೋ, ಕನ್ನಡವೋ — ನಮ್ಮ ನಮ್ಮ ಭಾಷೆಯಲ್ಲಿ, ಮನಸ್ಸಿನೊಳಗೇ, ಮೇಡಂ ಅವರಿಗಾಗಿ ದೇವರಲ್ಲಿ ಕೇಳಿಕೊಳ್ಳೋಣ.

ಮರ್ವಿನ್, ನೀವು ಏಳಬೇಡಿ. ನೀವು ಕೂತಿರಿ. ನಾವು ನಿಲ್ಲುತ್ತೇವೆ.