ಬಂದ್ ದಿನ ತೆರೆದ ಪಾತ್ರೆ ಅಂಗಡಿ

ಬಿಡಿ, ಶಟರ್ ಬಿಡಿ! ಎಳೀಬೇಡಿ ಅಂದೆ! ನಾನು ಒಳಗಿದ್ದೀನಿ, ಕಾಣಲ್ವಾ?

ಗೊತ್ತು ಮಾರಾಯ್ರೇ, ಇವತ್ತು ಬಂದ್. ಇಡೀ ಸಾಗರ ಪೇಟೆ ಬಾಗ್ಲು ಹಾಕಿದೆ. ವರ್ತಕರ ಸಂಘದ ಕಾರ್ಯದರ್ಶಿ ಅಂಗಡಿ ಒಂದೇ ತೆಗ್ದಿದೆ... ತೆಗ್ದಿದ್ದು ಅವ್ರ ಹೆಂಡ್ತಿ, ನಾನೇ! ನಿಮಗೆ ಮರ್ಯಾದೆ ಹೋಗುತ್ತೆ ಅಂತಾನೂ ಗೊತ್ತು. ಹೋಗ್ಲಿ!

ಎಂತಕ್ಕಾ? ವ್ಯಾಪಾರಕ್ಕೆ! ಮತ್ತೆಂತಕ್ಕೆ ಅಂಗಡಿ ತೆಗೀತಾರೆ? ಹೊರಗೆ ನೋಡ್ಬೇಡಿ, ಇಲ್ಲಿ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಬೆವರು ಒರೆಸ್ಕೊಳ್ಳಿ ಮೊದ್ಲು.

ಪೇಟೆಬೀದಿಗೆ ಇನ್ನು ಗಾಡಿ ಬಿಡಲ್ಲ ಅಂತ ನಗರಸಭೆ ಅಂದಿದ್ದಕ್ಕೆ ತಾನೇ ಈ ಬಂದ್? ನಿಮ್ಮ ಸಂಘದ್ದು ಎಂತ ವಾದ? ಪೇಟೆಬೀದಿಗೆ ಗಾಡಿ ಬಿಡ್ಲೇಬೇಕು, ನಡೆಯೋರಿಗೆ ಅಂತ ಬಿಟ್ಟುಕೊಟ್ರೆ ವ್ಯಾಪಾರ ಸಾಯುತ್ತೆ. ಅಲ್ವಾ? ನಗರಸಭೆಲಿ ಬಟ್ಟೆ ಅಂಗಡಿ ರವೀಶ್ ಎದೆ ಉಬ್ಬಿಸಿ ಹೇಳಿದ್ನಲ್ಲ, 'ಗಿರಾಕಿ ಕಾರಿಂದ ಇಳಿಯೋದೇ ನಮ್ಮ ಬಾಗ್ಲಲ್ಲಿ' ಅಂತ! ಯಾವ ಕಾರು? ಜೋಗ ನೋಡಕ್ಕೆ ಹೋಗೋ ಕಾರುಗಳಾ? ನಮ್ಮ ಪಾತ್ರೆಗೆ ಧೂಳು ಹಾಕಿ ಹೋಗ್ತಾವೆ. ಒಂದು ಚಮಚ ತಗಂಡಿದಾರಾ, ಹೇಳಿ?

ಎಂತಕ್ಕೆ ನಗ್ತೀರಿ? ನಾನೇನು ತಮಾಷೆ ಮಾಡ್ತಿಲ್ಲ. ಆ ಭಾನುವಾರ ನೆನಪು ಮಾಡ್ಕೊಳ್ಳಿ... ಹೆಂಗಾಗುತ್ತೆ ನೋಡೋಣ ಅಂತ ನಗರಸಭೆಯೋರು ಬೀದಿ ಎರಡೂ ಕಡೆ ಅಡ್ಡಗಟ್ಟಿ ಗಾಡಿ ನಿಲ್ಸಿದ್ರಲ್ಲ! ಜನ ನಡುಬೀದಿಲಿ ನಿಂತು ಮಂಡಕ್ಕಿ ತಿಂದ್ರು. ತೀರ್ಥಹಳ್ಳಿಯ ಮದುವೆ ಮನೆಯೋರು ಬೀದಿಲಿ ಸುಮ್ನೆ ನಡೀತಾ ಬಂದು ತಾಮ್ರದ ಹಂಡೆ ಹೊತ್ಕೊಂಡು ಹೋದ್ರು. ಹಂಡೆ ಇಳಿಸಿಕೊಟ್ಟಿದ್ದು ನೀವೇ! 'ಅದೊಂದು ದಿನದ ಜಾತ್ರೆ' ಅಂತೀರಾ? ಅನ್ನಿ.

ಅತ್ತೆ ಬಂದಿದ್ರಲ್ಲ ಅವತ್ತು? ನಿಮ್ಮಮ್ಮ! ಬೈಕ್ ಗುದ್ದಿದ ಮೇಲೆ ಪೇಟೆ ಕಡೆ ಮುಖಾನೇ ಹಾಕಿರ್ಲಿಲ್ಲ. ಅವತ್ತು ಕೋಲು ಊರ್ಕೊಂಡು ಬೀದಿ ಆ ತುದಿವರೆಗೂ ಹೋದ್ರು. 'ಇಷ್ಟೆಲ್ಲಾ ಅಂಗಡಿ ಇತ್ತೇನೇ ಇಲ್ಲಿ?' ಅಂತ ಸಣ್ಣ ಹುಡುಗಿ ಹಂಗೆ ಕೇಳಿದ್ರು...

ಹೌದಪ್ಪಾ, ಬೈಕಿನವನದ್ದೇ ತಪ್ಪು. ಒಪ್ಪಿದೆ. ಆದ್ರೆ ಅತ್ತೆ ರಸ್ತೆಗೆ ಇಳಿದಿದ್ದು ಎಂತಕ್ಕೆ? ಫುಟ್‌ಪಾತ್ ಮೇಲೆ ನಮ್ಮ ಕಟ್ಟೆ! ಕಟ್ಟೆ ತುಂಬ ನಮ್ಮ ಕೊಡಪಾನ! ಕಾಲಿಡಕ್ಕೆ ಜಾಗ ಎಲ್ಲಿತ್ತು? ಸ್ವಂತ ಮಗನ ಅಂಗಡಿ ಎದುರು ಬಿದ್ರು ರೀ ಅವ್ರು!



ಹೊರಗೆ ಎಂತ ನೋಡ್ತಿದೀರಿ?

ಸರಿ, ನೋಡಿ. ಕಟ್ಟೆ ಖಾಲಿ. ಬೆಳಿಗ್ಗೆಯಿಂದ ಎಲ್ಲಾ ಒಳಗೆ ಎತ್ತಿಟ್ಟಿದ್ದು ನಾನೇ. ವ್ಯಾಪಾರಕ್ಕೆ ಅಂದಿದ್ದು ಸುಳ್ಳು. ಕಟ್ಟೆ ಒಡೆಯಕ್ಕೆ ಜೆಸಿಬಿ ಬರುತ್ತೆ. ಫುಟ್‌ಪಾತ್ ಬಿಡಿಸೋದಾದ್ರೆ ಮೊದ್ಲು ನಮ್ಮದೇ ಒಡೀರಿ ಅಂತ ನಗರಸಭೆಲಿ ಹೇಳಿ ಬಂದಿದ್ದು ನಾನು. ನಾನೇ! ಬೈಯೋದಿದ್ರೆ ನಂಗೆ ಬೈರಿ. ಸಂಘದಿಂದ ನಿಮ್ಮನ್ನ ತೆಗೆದ್ರೆ ತೆಗೀಲಿ, ನಾಳೆಯೂ ಇದೇ ಮಾತು ಆಡ್ತೀನಿ!



ಕೂಗಾಡಿ ಬೇಕಾದ್ರೆ. ಹಿಂಗೆ ನನ್ನ ಮುಖಾನೇ ನೋಡ್ಬೇಡಿ...

ರೀ...

ಎಂತ ಅಂದ್ರಿ? ಜಾಗ ನನ್ನ ಹೆಸರಲ್ಲಿಲ್ಲ ಅಂತಾ? ಹ್ಞಾಂ, ಇಲ್ಲ. ನಿಮ್ಮ ಹೆಸರಲ್ಲೂ ಇಲ್ಲ. ನನ್ನ ಮಾತು ಕೇಳಿ ಯಾರೂ ಕಟ್ಟೆ ಒಡೆಯಲ್ಲ ಅಂತ ಹೊಳೀತಲ್ಲ ನಿಮಗೆ?

ಜಾಗ ಅತ್ತೆ ಹೆಸರಲ್ಲಿ, ಹೇಳಿದ್ದೂ ಅತ್ತೆನೇ. ಆಟೋ ಮಾಡಿ ಕರ್ಕೊಂಡು ಹೋಗಿದ್ದು ನಾನು, ಒಡೀರಿ ಅಂದಿದ್ದು ಅವ್ರು. ಆಫೀಸಿನೋರೇ ಬೆಚ್ಚಿಬಿದ್ರು, 'ರಂಗಮ್ಮಾ, ಮಗನ್ನ ಕೇಳಿದ್ರಾ?' ಅಂತ. 'ಅವನ್ನ ಹೆರೋ ಮೊದ್ಲು ಅವನ್ನ ಕೇಳಿದ್ನಾ ನಾನು?' ಅಂದುಬಿಟ್ರು! ಹೊರಗೆ ಬಂದ ಮೇಲೆ ಮಾತ್ರ ನನ್ನ ಕೈ ಹಿಡ್ಕೊಂಡ್ರು. 'ಸುನಿಲ ನಾಲ್ಕು ಜನರ ಎದುರು ಸಣ್ಣೋನಾಗ್ಬಾರ್ದು ಯಶೋಧಾ, ನೀನೇ ಮಾಡಿದ್ದು ಅಂತ ಹೇಳ್ಬಿಡು...' ಹೇಳಿದ್ನಲ್ಲ, ಹೇಳಿದೆ. ನೀವು ನಂಬಲಿಲ್ಲ. ನಾನೇನು ಮಾಡ್ಲಿ?

ಎಲ್ಲಿಗೆ ಎದ್ರಿ? ಸಂಘದೋರನ್ನ ಕರಿಯಕ್ಕಾ? ಕರೀರಿ, ಎಲ್ಲರೂ ಬರ್ಲಿ!

ತಡೀರಿ... ಅಲ್ಲಿ, ಬೀದಿ ತಿರುವಲ್ಲಿ. ಅತ್ತೆ. ಒಡೆಯೋದನ್ನ ಕಣ್ಣಾರೆ ನೋಡ್ಬೇಕಂತೆ. ಬೇಡ ಅಂತ ತಡೆಯೋದಿದ್ರೆ ಹೋಗಿ, ಅವ್ರಿಗೇ ಹೇಳಿ.

ನಾನಂತೂ ಹೇಳಲ್ಲ.