ಮೇಲೇಳದ ಎಡಗೈ

ಅಧ್ಯಕ್ಷರಾದ ಫಡೇರಾ ಅವರೇ, ನಿಮ್ಮ ಮೊಣಕಾಲು ನೋವು ಈಗ ಹೇಗಿದೆ? ಹೆಡ್‌ಮಾಸ್ಟರ್ ಒಯೆವೋಲೆಯವರೇ, ಮನೆಯವರ ಕೆಮ್ಮು ಇಳಿಯಿತೇ? ಐದನೇ ತರಗತಿಯ ಟೀಚರ್ ಬೊಲಾನ್ಲೆಯವರೇ, ಹಸುಗೂಸು ಚೆನ್ನಾಗಿ ನಿದ್ದೆ ಮಾಡುತ್ತಿದೆಯೇ? ಸಭಿಕರೇ, ತಾವೆಲ್ಲ ಕ್ಷೇಮವೇ? ನಮ್ಮೂರು ಇಸೇಯಿನ್‌ನಲ್ಲಿ ಆರೋಗ್ಯ ಕೇಳದೆ ಯಾರೂ ಮಾತು ತೆಗೆಯುವುದಿಲ್ಲ. ಆದರೆ ನನ್ನ ಮೊಮ್ಮಗಳು ಮೊರೆನಿಕೆಯ ಆರೋಗ್ಯವನ್ನು ಈ ಶಾಲೆಯಲ್ಲಿ ಎರಡು ವರ್ಷ ಯಾರೂ ಕೇಳಲಿಲ್ಲ.

ಬಹುಮಾನದ ಶಾಲುಗಳನ್ನು ನೇಯ್ದುಕೊಟ್ಟವಳೆಂದು ನನ್ನನ್ನು ವೇದಿಕೆಗೆ ಕರೆದಿರಿ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೊರೆನಿಕೆ ಎರಡನೇ ತರಗತಿಯಲ್ಲಿದ್ದಾಗ, ಮಗ್ಗದ ಪಕ್ಕ ಕುಳಿತು ನನಗೆ ಅಕ್ಷರ ಕಲಿಸಿದಳು. ಎರಡು ಮಾತು ಸಾಕು ಎಂದಿದ್ದಿರಿ. ಮೂರಾದರೆ ತಾಳಿಕೊಳ್ಳಿ.

ಪ್ರತಿ ವರ್ಷ ಈ ದಿನ, ಮೊದಲನೆಯವರಿಂದ ಕೊನೆಯವರವರೆಗೆ ಎಲ್ಲ ಮಕ್ಕಳ ಸ್ಥಾನವನ್ನೂ ಮೈಕಿನಲ್ಲಿ ಕೂಗುತ್ತೀರಿ. ಮೂರನೇ ತರಗತಿಯಲ್ಲಿ ಮೊರೆನಿಕೆ ಎರಡನೆಯವಳು. ನಾಲ್ಕರಲ್ಲಿ ಹತ್ತೊಂಬತ್ತನೆಯವಳು. ಹೋದ ವರ್ಷ ಐದರಲ್ಲಿ, ನಲವತ್ತೊಂದು ಮಕ್ಕಳಲ್ಲಿ ನಲವತ್ತೊಂದನೆಯವಳು. ಸಭೆ ನಕ್ಕಿತು. ಪಕ್ಕದಲ್ಲಿದ್ದವಳು, "ಏನವ್ವಾ ಅಬೇನಿ, ನಿನ್ ಮೊಮ್ಮಗಳು ಹಿಂದಿನಿಂದ ಫಸ್ಟು" ಅಂದಳು. ಟೀಚರ್ ಬೊಲಾನ್ಲೆಯವರೇ, ನೀವು ಹೇಳಿದ್ದು ಇಷ್ಟೇ: "ಕೂತಲ್ಲೇ ಕನಸು ಕಾಣ್ತಾಳೆ ಅಜ್ಜಿ. ಸೋಮಾರಿ."

ರಕ್ತದ ಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗ ಅವಳಿಗಿದೆ ಎಂಬುದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೂಳೆ ನೋವೆಂದು ಅತ್ತರೆ ರೋಗ, ಅಳದಿದ್ದರೆ ಸೋಮಾರಿತನ. ನಮ್ಮ ತಿಳಿವಳಿಕೆ ಅಷ್ಟೇ ಅಲ್ಲವೇ?

ಅಂದು ಮನೆಗೆ ಹೋದವಳೇ, ನೀವು ತರಗತಿಯಲ್ಲಿ ಮಾಡಿಸುವಂತೆ, ಅವಳನ್ನು ಮಂಡಿಯೂರಿಸಿ ಎರಡೂ ಕೈ ಮೇಲೆತ್ತಿಸಿದೆ. ಇದನ್ನು ಹೇಳಲು ನಾನು ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗೈ ಕೆಳಗೆ ಬಿತ್ತು.

"ಎತ್ತೇ ಕೈನ."

"ಏಳ್ತಿಲ್ಲ ಅಜ್ಜಿ."

"ನಾಟಕ ಆಡ್ಬೇಡ."

ಮಗ್ಗದ ಲಾಳಿಯಿಂದ ಆ ಕೈಗೇ ಹೊಡೆದೆ. ಅವಳು ಅಳಲಿಲ್ಲ. ಆ ಕೈಗೆ ನೋವೇ ತಿಳಿದಿರಲಿಲ್ಲ.

ಇಬಾದಾನ್‌ನ ದೊಡ್ಡಾಸ್ಪತ್ರೆಗೆ ಅವತ್ತೇ ಹೊತ್ತೊಯ್ದೆ. ಅಲ್ಲಿ ತಲೆಯ ಚಿತ್ರ ತೆಗೆದರು. "ಅಮ್ಮಾ, ಕೈ ಬಿದ್ದಿದ್ದು ಇವತ್ತು ಮೆದುಳಿಗೆ ಆದ ಪೆಟ್ಟಿಂದ, ಪಾರ್ಶ್ವವಾಯು. ಇಲ್ಲಿ ನೋಡಿ, ಹಳೇ ಗಾಯ ಇನ್ನೂ ಎರಡಿವೆ. ಆಗ್ಲೂ ಮೆದುಳಿಗೆ ರಕ್ತ ಹೋಗೋದು ನಿಂತಿತ್ತು, ಸದ್ದಿಲ್ದೆ. ಓದಿನಲ್ಲಿ ಹಿಂದೆ ಬಿದ್ಳಾ?" ಎಂದರು ಡಾಕ್ಟರು. ಹಿಂದೆ ಬಿದ್ದಳೇ? ನೀವು ಅದನ್ನು ಮೈಕಿನಲ್ಲಿ ಕೂಗಿದ್ದಿರಲ್ಲ.

ಇಂಥ ಮಕ್ಕಳ ತಲೆಯ ನಾಳದಲ್ಲಿ ರಕ್ತ ಎಷ್ಟು ರಭಸದಿಂದ ಓಡುತ್ತದೆಂದು ವರ್ಷಕ್ಕೊಮ್ಮೆ ಅಳೆಯುವ ಯಂತ್ರವಿದೆಯಂತೆ. ಸೂಜಿಯಿಲ್ಲ, ನೋವಿಲ್ಲ. ಅಪಾಯ ಕಂಡರೆ ತಡೆಯಲು ದಾರಿಯೂ ಇದೆಯಂತೆ. ಇದೇ ರೋಗದಿಂದ ಕಣ್ಣು ಹಳದಿಯಾದ ಮಕ್ಕಳು ಈ ಶಾಲೆಯಲ್ಲಿ ಇನ್ನೂ ಆರು ಮಂದಿ ಇದ್ದಾರೆ, ನಾನೇ ಎಣಿಸಿದ್ದೇನೆ. ಇವತ್ತು ಅವರಲ್ಲಿ ಯಾರನ್ನು ಕೊನೆಯವರೆಂದು ಕೂಗುತ್ತೀರಿ?

ಹೋದ ವಾರ ನಿಮ್ಮ ಕಾಗದ ಬಂತು, ಮೊರೆನಿಕೆಗೆ ಮುಂದಿನ ವರ್ಷ ಇಲ್ಲಿ ಜಾಗವಿಲ್ಲವೆಂದು. ನನಗೆ ಓದು ಕಲಿಸಿದ ಮಗು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ರಲ್ಲಿ ಏನ್ ಬರ್ದಿದೆ ಅಜ್ಜಿ?" ಎಂದು ಕೇಳಿತು. ನಾನು ಓದಿ ಹೇಳಲಿಲ್ಲ.

ಈಗ ಮಗ್ಗದ ಪಕ್ಕ ಅವಳಿಗೆ ಅಕ್ಷರ ಕಲಿಸುತ್ತಿರುವವಳು ನಾನು. ಹೆಡ್‌ಮಾಸ್ಟರೇ, ನಿಮ್ಮ ಕಾಗದಕ್ಕೆ ನನ್ನ ಉತ್ತರ ಇದೇ: ಅವಳಿಗೆ ಜಾಗ ಕೊಡಿ, ರಕ್ತದ ಓಟ ಅಳೆಸಲು ಆ ಆರು ಮಕ್ಕಳನ್ನು ಇಬಾದಾನ್‌ಗೆ ಕಳಿಸಿ. ಕೇಳಿಸಿಕೊಂಡಿದ್ದಕ್ಕೆ ಎಲ್ಲರಿಗೂ ಉಪಕಾರ, ನಮಸ್ಕಾರ. ಬೇಗ ಮರು ಓಲೆ ಬರೆಯಿರಿ. ಅಕ್ಷರ ದೊಡ್ಡದಾಗಿರಲಿ, ಈ ಸಲ ಅವಳೇ ಓದಬೇಕು.