ಚಂದ್ರಮತಿಗೆ ಕುಡಿಸಿದ ಹಸಿರು ಪುಡಿ

ನನ್ನ ಹೆಸರು ಬಾಪುಸಾಹೇಬ ತಂದೆ ಭರಮಪ್ಪ ಮಗದುಮ್, ವಯಸ್ಸು 59, ಜೈನ, ಉದ್ಯೋಗ ಒಕ್ಕಲುತನ, ಸಾಕಿನ್ ಏಕಸಂಬಿ, ತಾಲೂಕು ಚಿಕ್ಕೋಡಿ. ಕೊಲ್ಲಾಪುರದ ಕುಸ್ತಿ ಮೈದಾನದಲ್ಲಿ ಒಂದೇ ಮಧ್ಯಾಹ್ನ ನಲವತ್ತು ಪೈಲವಾನರನ್ನು ಚಿತ್ ಮಾಡಿ, ಬೆವರು ಸಹ ಒರೆಸದೆ ಊರಿಗೆ ನಡೆದು ಬಂದವನು ನಾನೇ. ಇದು ಕೇಸಿಗೆ ಬೇಡ ಎಂದು ಫೌಜದಾರ ಸಾಹೇಬರು ಹೇಳಿದರು. ಹೇಳುವವನ ವಜನು ತಿಳಿಯಲಿ ಎಂದು ನಾನು ಬರೆಸಿದ್ದೇನೆ. ಈ ದಿವಸ ಠಾಣೆಗೆ ಹಾಜರಾಗಿ ತಿಳಿಸುವ ಸಂಗತಿ ಹೀಗಿದೆ.

ನನ್ನ ತೀರಿಹೋದ ಅಣ್ಣನ ಮಗಳು ಚಂದ್ರಮತಿ, ವಯಸ್ಸು 38, ವಿಧವೆ, ನನ್ನ ಮನೆಯ ಪಕ್ಕದಲ್ಲೇ ಇರುತ್ತಾಳೆ. 1993ರ ಜನವರಿಯಲ್ಲಿ ಅವಳ ಎದೆಯ ಗಂಟು ಕ್ಯಾನ್ಸರ್ ಎಂದು ಮಿರಜಿನ ದವಾಖಾನೆಯಲ್ಲಿ ತಿಳಿಯಿತು. ಗಂಟು ತೆಗೆದರು. ಆಮೇಲೆ ಐದು ವಾರ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಬೇಕು, ನಡುವೆ ಬಿಡಬಾರದು ಎಂದು ಡಾಕ್ಟರರು ಹೇಳಿದ್ದರು. ಎಂಟು ದಿನ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಂದೆನು. ಚರ್ಮ ಸುಟ್ಟಿದ್ದರಿಂದ ಅವಳು ದಾರಿಯುದ್ದಕ್ಕೂ ಎಡಗೈ ಮೈಗೆ ತಾಗದಂತೆ ಎತ್ತಿ ಹಿಡಿದು ಕೂಡುತ್ತಿದ್ದಳು.

ದಿನಾಂಕ 14-3-1993ರಂದು ಮುಂಜಾನೆ 9 ಗಂಟೆಗೆ ನನ್ನ ಹೆಂಡತಿಯ ತಮ್ಮನ ಮಗ ಪಾರಿಸ ಚೌಗುಲೆ, ಸಾಕಿನ್ ನಿಪ್ಪಾಣಿ, ನಮ್ಮ ಮನೆಗೆ ಬಂದನು. ಅವನು ಹಸಿರು ಪುಡಿಯ ಡಬ್ಬಿ ಮಾರುತ್ತಾನೆ. ಇದು ಕ್ಯಾನ್ಸರನ್ನು ಬೇರುಸಹಿತ ಕೀಳುತ್ತದೆ ಎಂದನು.

ನಾನು ಸುಮ್ಮನೆ ನಂಬುವ ಆಸಾಮಿ ಅಲ್ಲ. ಒಂದು ತಾಸು ತಪಾಸಣೆ ಮಾಡಿದೆನು. ಬಟಾಟಿ, ಉಳ್ಳಾಗಡ್ಡಿ, ಗಜ್ಜರಿ ಸೇರಿದೆಯೇ, ಜೇನುತುಪ್ಪ ಇದೆಯೇ, ಹೊತ್ತು ಮುಳುಗಿದ ಮೇಲೆ ಕುಡಿಯಬೇಕಾಗುತ್ತದೆಯೇ ಎಂದು ಕೇಳಿದೆನು. ಎಲ್ಲವೂ ಎಲೆಯದೇ, ಸೋಸಿದ ನೀರಿನಲ್ಲಿ ಕಲಸಿ ಹಗಲಿನಲ್ಲೇ ಕುಡಿಯುವುದು ಎಂದನು. ನಮ್ಮ ಕಾಕಾ ವಕೀಲ ಆಗಬೇಕಿತ್ತು ಎಂದು ಚಂದ್ರಮತಿ ನಕ್ಕಳು. ಧರ್ಮಕ್ಕೆ ಅಡ್ಡಿ ಇಲ್ಲವೆಂದು ಖಾತ್ರಿಯಾದ ಮೇಲೆ ನಮಗೆ ಬೇರೆ ಸಂಶಯ ಉಳಿಯಲಿಲ್ಲ. ಇದರಿಂದ ಯಾರಿಗೆ ನೆಟ್ಟಗಾಗಿದೆ ಎಂದು ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಆಗ ಪಾರಿಸನು, “ಕರೆಂಟ ಬಿಡಸ್ರಿ ಮಾಮಾ. ಪುಡಿ ಕಟ್ಟಿದ್ದನ್ನ ಕರೆಂಟ ಸುಡತೈತಿ. ಎರಡೂ ಕೂಡಿ ನಡ್ಯಾಂಗಿಲ್ಲ” ಎಂದನು. ಚಂದ್ರಮತಿ ನನ್ನ ಮಾರಿ ನೋಡಿದಳು. ನಾನು, “ಬಿಡವಾ. ಪಾರಿಸ ಏನ ಹೊರಗಿನಾಂವ ಅಲ್ಲ” ಎಂದೆನು. ಮರುದಿನದಿಂದ ಮಿರಜಿಗೆ ಹೋಗುವುದು ನಿಂತಿತು.

ನಾಲ್ಕು ತಿಂಗಳು ಕುಡಿದಳು. ಮುಖಕ್ಕೆ ಕಳೆ ಬಂದಿದೆ ಎಂದು ನಾನು ಊರಿಗೆಲ್ಲ ಹೇಳಿದೆನು. ಜುಲೈಯಲ್ಲಿ ಕಂಕುಳಲ್ಲಿ ಮತ್ತೆ ಗಂಟು ಕಂಡಿತು.

ದಿನಾಂಕ 19-7-1993ರಂದು 11 ಗಂಟೆಗೆ ಮಿರಜಿಗೆ ಹೋದಾಗ, ಕರೆಂಟಿನ ಕೋಣೆಯ ಮುಂದಿನ ಬಾಕಿನ ಮೇಲೆ ಪಾರಿಸ ಮತ್ತು ಅವನ ತಾಯಿ ಗಂಗೂಬಾಯಿ ಕುಳಿತಿದ್ದರು. ಗಂಗೂಬಾಯಿಯ ಕುತ್ತಿಗೆಯ ಮೇಲೆ ಕರೆಂಟು ಕೊಡುವವರು ಹಾಕುವ ನೀಲಿ ಗುರುತು ಇತ್ತು. ನಾಲಿಗೆಯ ಮೇಲೆ ಕ್ಯಾನ್ಸರ್ ಹುಣ್ಣಾಗಿದೆ, ಇದು ನಾಲ್ಕನೆಯ ವಾರ, ಮಗ ಒಂದು ದಿನವೂ ತಪ್ಪಿಸಿಲ್ಲ ಎಂದು ಆಕೆ ಬಾಯಿ ಪೂರ್ತಿ ತೆರೆಯದೆ ಹೇಳಿದಳು. ಹಿಂದಿನ ವಾರವೇ ಪಾರಿಸ ನಮ್ಮ ಮನೆಗೆ ಹೊಸ ಡಬ್ಬಿ ತಂದು ಕೊಟ್ಟಿದ್ದನು.

ಅವ್ವನಿಗೆ ಎಷ್ಟು ಡಬ್ಬಿ ಪುಡಿ ಕುಡಿಸಿದೆ ಎಂದು ಅವನನ್ನು ಕೇಳಿದೆನು. ಅವನು ನೆಲ ನೋಡುತ್ತ, “ಆಕಿ ನಮ್ಮವ್ವ ಅದಾಳ್ರಿ ಮಾಮಾ” ಎಂದನು.

ಚಂದ್ರಮತಿ ನನ್ನ ಹಿಂದೆ ಎರಡು ಮೊಳ ದೂರದಲ್ಲಿ ನಿಂತಿದ್ದಳು, ಕೇಳಿಸಿಕೊಂಡಳು. ಗಂಗೂಬಾಯಿಯ ಬಾಜೂಕ್ಕೆ ಕುಳಿತು, “ಅತ್ತಿ, ಸುಟ್ಟಲ್ಲಿ ಸೆರಗ ತಾಗಸಬ್ಯಾಡ್ರಿ, ಭಾಳ ಉರಿತೈತಿ” ಎಂದಳು. ಪಾರಿಸನನ್ನು ಎತ್ತಿ ಒಗೆಯುವುದು ನನಗೆ ದೊಡ್ಡ ಮಾತಲ್ಲ. ಆದರೆ ಕೈ ಏಳಲಿಲ್ಲ.

ಪುಡಿ ಬರೀ ಗೋಧಿ ಹುಲ್ಲು ಮತ್ತು ಹೆಸರಿನ ಹಿಟ್ಟು, ಅದನ್ನು ಕುಡಿದದ್ದಕ್ಕಿಂತ ಕರೆಂಟು ಬಿಟ್ಟದ್ದು ಕೆಟ್ಟದ್ದಾಯಿತು, ಕ್ಯಾನ್ಸರ್ ಈಗ ಎಲುಬಿಗೆ ಇಳಿದಿದೆ ಎಂದು ಡಾಕ್ಟರರು ತಿಳಿಸಿದರು. ಪಾರಿಸನ ಮೇಲೆ ಕಾನೂನು ಕ್ರಮ ಜರುಗಿಸಬೇಕು.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಖರೆ ಇದೆ. ಹಾನಿಯ ಬಗ್ಗೆ ಮಾತ್ರ ತಿದ್ದುಪಡಿ. ನನಗೆ ಐವತ್ತು ಸಾವಿರ ಹಾನಿ ಎಂದು ಮೊದಲು ಬಾಯಿಯಿಂದ ಹೇಳಿದ್ದೆನು, ಅದನ್ನು ಹಿಡಿಯಬಾರದು. ಒಟ್ಟು ಹನ್ನೊಂದು ಡಬ್ಬಿ. ಹತ್ತು ಡಬ್ಬಿಗೆ ಚಂದ್ರಮತಿ ತನ್ನ ಹಿಂಡುವ ಎಮ್ಮೆ ಮಾರಿ ಕೊಟ್ಟಿದ್ದಾಳೆ. ನನ್ನ ಕೈಯಿಂದ ಹೋದದ್ದು ಮೊದಲನೆಯ ಡಬ್ಬಿಯ ನೂರಾ ಎಂಬತ್ತು ರೂಪಾಯಿ.

ಸ್ಥಳ: ಚಿಕ್ಕೋಡಿ
ದಿನಾಂಕ: 21-7-1993
ಸಹಿ: ಬಾ. ಭ. ಮಗದುಮ್